ನಿನ್ನ ನಂಬರ್ ಸರಿಯಾಗಿತ್ತು

ನಿನ್ನ ನಂಬರ್ ಸರಿಯಾಗಿತ್ತು, ಭಾಗ್ಯ. ತಪ್ಪು ನನ್ನದು. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ — ಮದುವೆಗೂ ಮೊದಲು, ನೀನು ಯಾರೆಂದೇ ತಿಳಿಯದಿದ್ದಾಗ.

ಚನ್ನರಾಯಪಟ್ಟಣದ ಆ ಶಾಲೆಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಕಂಪ್ಯೂಟರ್ ಟೀಚರ್ ಕೆಲಸಕ್ಕೆ ನೀನು ಅದರಲ್ಲೇ ಅರ್ಜಿ ಹಾಕಿದ್ದೆ. ಫೋನ್ ನಂಬರಿನ ಜಾಗದಲ್ಲಿ ಅಂಕಿ ಬಿಟ್ಟು ಬೇರೇನಿದ್ದರೂ ತಡೆಯಲೆಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಕೋಡಿನ ಒಂದು ಸಾಲು ಬರೆದಿದ್ದೆ. ನನ್ನ ಬ್ರೌಸರಿನಲ್ಲಿ ಕೆಂಪಕ್ಷರದ ಎಚ್ಚರಿಕೆ ಚೆನ್ನಾಗಿ ಬರುತ್ತಿತ್ತು. ಶಾಲೆಯವರ ಬ್ರೌಸರಿನಲ್ಲಿ ಬರಲಿಲ್ಲ — ಅರ್ಜಿ ಸುಮ್ಮನೆ ನಿಂತುಬಿಡುತ್ತಿತ್ತು. ಕಾರಣ ಹುಡುಕುವ ತಾಳ್ಮೆ ನನಗೆಲ್ಲಿ? ಎಚ್ಚರಿಕೆಯನ್ನೇ ಕಿತ್ತುಹಾಕಿ, ಅಂಕಿಯಲ್ಲದ್ದನ್ನೆಲ್ಲ ಯಾರಿಗೂ ಹೇಳದೆ ಅಳಿಸುವಂತೆ ಮಾಡಿದೆ. ಎರಡೂ ಕಡೆ ಸಲೀಸಾಗಿ ಓಡಿತು. ನಾನು ಬೀಗಿದ್ದೇ ಬೀಗಿದ್ದು.

ಹಾಗೆ ಅಳಿಸಿಹೋದದ್ದರಲ್ಲಿ ನಿನ್ನ ‘ಪಿಪಿ’ಯೂ ಇತ್ತು. ಕೊಣನೂರಿನ ನಿಮ್ಮ ಮನೆಯಲ್ಲಿ ಫೋನಿರಲಿಲ್ಲ. ಆಗ ಎಲ್ಲರೂ ಮಾಡುತ್ತಿದ್ದಂತೆ ನೀನು ಎದುರುಮನೆಯ ನಂಬರ್ ಕೊಟ್ಟು, ಅದು ಬೇರೆಯವರ ಫೋನೆಂಬ ಗುರುತಿಗೆ ಪಕ್ಕದಲ್ಲಿ ಪಿಪಿ ಎಂದು ಹಾಕಿದ್ದೆ. ಅದನ್ನು ಕಂಡಿದ್ದರೆ ಶಾಲೆಯವರು ‘ಎದುರುಮನೆ ಭಾಗ್ಯಳನ್ನು ಸ್ವಲ್ಪ ಕರೆಯಿರಿ’ ಎನ್ನುತ್ತಿದ್ದರು. ಕಂಡದ್ದು ಬರೀ ಅಂಕಿ. “ಭಾಗ್ಯ ಅವರ ಮನೆನಾ?” ಎಂದರು. ಆ ಮನೆಗೆ ಹೊಸದಾಗಿ ಬಂದ ಸೊಸೆ “ಅಲ್ಲ, ರಾಂಗ್ ನಂಬರ್” ಎಂದು ಇಟ್ಟಳು. ಕೆಲಸ ಬೇರೆಯವರ ಪಾಲಾಯಿತು.

‘ಫೋನ್ ಮಾಡಿದರೆ ರಾಂಗ್ ನಂಬರ್ ಅಂದರು, ವೆಬ್‌ಸೈಟ್ ಮಾಡಿದವರನ್ನೇ ಕೇಳು’ ಎಂದು ಶಾಲೆಯವರು ಕಳಿಸಿದ ಮೇಲೆ ನೀನು ಹಾಸನದ ನನ್ನ ಬ್ರೌಸಿಂಗ್ ಸೆಂಟರಿಗೆ ಹುಡುಕಿಕೊಂಡು ಬಂದೆ. “ಪಿಪಿ ಅಂತ ಆಕಿದ್ದೆ ಸಾ. ಅಂಗಿದ್ರೂ ಯಾಕ್ ಸಾ ನನ್ನ ಕರೀಲಿಲ್ಲ?”

ಆಗಲೇ ನನಗೆಲ್ಲ ಹೊಳೆಯಿತು. ಆದರೂ ಬಾಯಿಂದ ಬಂದದ್ದು —

“ನಂಬರ್ರೇ ತಪ್ಪು ಬರ್ದಿದ್ದೀರ ಕಣ್ರೀ.”

ನೀನು ನಂಬಿಬಿಟ್ಟೆ. ಮನಸ್ಸು ಚುಚ್ಚಿ ನನ್ನಲ್ಲೇ ಕೆಲಸ ಕೊಟ್ಟೆ. ಆಮೇಲಿನದು ನಿನಗೇ ಗೊತ್ತು — ಕಾಫಿ, ಜಗಳ, ಮದುವೆ, ಮಗಳು. ನಾನಂತೂ ಸುಖವಾಗಿದ್ದೇನೆ. ಯಾರಾದರೂ ‘ರಾಂಗ್ ನಂಬರ್’ ಎಂದಾಗ ಮಾತ್ರ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಬಸ್ಸು ಆ ಶಾಲೆಯ ಮುಂದೆ ಹೋಗುವಾಗ ನೀನು ಈಗಲೂ ಕಿಟಕಿಯಿಂದ ಬಗ್ಗಿ ನೋಡುತ್ತೀಯ — ಆಗಲೂ ನನ್ನ ಕೈ ಹೆಗಲಿಗೇ ಹೋಗುತ್ತದೆ.

ರೀಚಾರ್ಜ್ ಕಾರ್ಡ್ ಕೆರೆದು ನಂಬರ್ ಒತ್ತಿದರೆ ಸಾಕು, ಮೊಬೈಲನ್ನು ನನ್ನ ಮುಂದೆ ಹಿಡಿಯುತ್ತೀಯ. “ಒಸಿ ನೋಡ್ರೀ, ನಂಗೆ ನಂಬರ್ ತಪ್ಪೋಯ್ತದೆ.” ನಗುತ್ತಲೇ ಹೇಳುತ್ತೀಯ. ಒಂದು ಸಲವೂ ತಪ್ಪಿಲ್ಲ. ‘ಸರಿಯಾಗಿದೆ’ ಎಂದು ಹಿಂದಕ್ಕೆ ಕೊಡುತ್ತೇನೆ, ದೊಡ್ಡ ಮನುಷ್ಯನ ಹಾಗೆ.

ಇವತ್ತೂ ಕಾರ್ಡ್ ತಂದಿದ್ದೀಯ. ಈ ಸಲ ನಾನು ನೋಡುವುದಿಲ್ಲ, ‘ಒತ್ತು’ ಎನ್ನುತ್ತೇನೆ. ಯಾಕೆಂದು ನೀನು ಕೇಳದಿದ್ದರೂ ಈ ಕಾಗದ ಕೈಗೆ ಕೊಡುತ್ತೇನೆ.