ಉಜ್ಜಿ ನೋಡಿದ ಹಿತ್ತಾಳೆ

ಗದಗ ಜಿಲ್ಲೆಯಾದ ಹೊಸದರಲ್ಲಿ, ನಲವತ್ತೈದು ದಾಟಿದ ನಾನು ಬೆಟಗೇರಿಯ ಬ್ಯಾಂಡ್ ಕಂಪನಿಯಲ್ಲಿ ಟ್ಯೂಬಾ ಕಲಿಯಲು ಸೇರಿದೆ. ಆ ದೊಡ್ಡ ಕಹಳೆ ಕಂಪನಿಯದು. ತುಟಿ ಇಟ್ಟು ಊದುವ ಮೌತ್‌ಪೀಸ್ ಮಾತ್ರ ಅವರವರದು. ಭಾನುವಾರ ಮುಂಡರಗಿಯ ಮದುವೆ ಮೆರವಣಿಗೆಯಲ್ಲಿ ಊದದಿದ್ದರೆ ನನ್ನ ಜಾಗ ಬೇರೆಯವರಿಗೆ ಎಂದು ಬ್ಯಾಂಡಿನ ಉಸ್ತಾದರು ಹೇಳಿಬಿಟ್ಟಿದ್ದರು.

ಗದಗಿನ ಅಂಗಡಿಯೊಂದರಲ್ಲಿ ಬೆಳ್ಳಿ ಬಣ್ಣದ ಅಗ್ಗದ ಮೌತ್‌ಪೀಸೊಂದು ಸಿಕ್ಕಿತು. ಇಷ್ಟು ಅಗ್ಗವೆಂದರೆ ಒಳಗೆ ಕಬ್ಬಿಣವೇ ಇರಬೇಕೆಂದು ನನಗೆ ಗುಮಾನಿ.

“ಸಾಹೇಬ್ರ, ಇದು ಖರೆ ಹಿತ್ತಾಳಿ ಏನ್ರಿ?”

“ನೀರಿನ ಕೊಡ ತಗೊಳ್ಳಾಕ ಬಂದೀರೇನ್ರಿ? ಊದಿ ನೋಡ್ರಿ,” ಎಂದು ಅಂಗಡಿಯವರು ನಕ್ಕರು.

ಊದಿದೆ. ಸಲೀಸಾಗಿ ದನಿ ಬಂತು. ಇಷ್ಟು ಅಗ್ಗದ್ದು ಇಷ್ಟು ಚೆನ್ನಾಗಿ ನುಡಿದದ್ದರಿಂದ ಅನುಮಾನ ಇನ್ನಷ್ಟು ಹೆಚ್ಚಿತು.

ಕೊಂಡು ಮನೆಗೆ ತಂದೆ. ಅವ್ವ ಹೊಸ ಕೊಡದ ಅಂಚನ್ನು ಕಲ್ಲಿಗೆ ಉಜ್ಜಿ ಪರೀಕ್ಷಿಸುತ್ತಿದ್ದಂತೆ, ಇದರ ಅಂಚನ್ನೂ ಉಜ್ಜಿದೆ. ಬೆಳ್ಳಿ ಬಣ್ಣದ ಲೇಪ ಹೋಗಿ ಅಪ್ಪಟ ಹಿತ್ತಾಳೆ ಹೊಳೆಯಿತು. ಸಮಾಧಾನವಾಗಿ ತುಟಿಗಿಟ್ಟುಕೊಂಡರೆ ಆ ಅಂಚು ಗರಗಸದಂತೆ ಕೊಯ್ಯಿತು.

ಉಸ್ತಾದರು ನನ್ನ ಹರಿದ ತುಟಿ ನೋಡಿದರು. “ಯಪ್ಪಾ, ತುಟಿ ಇಡೂ ಜಾಗಾನ ಉಜ್ಜೀರಲ್ರೀ! ಈ ಸಲ ತಾಳಾ ಬಡೀರಿ.”

ಮುಂಡರಗಿಯಲ್ಲಿ ತಾಳ ಬಡಿಯುತ್ತ ನಡೆದೆ. ನನ್ನ ಜಾಗದಲ್ಲಿ ಟ್ಯೂಬಾ ಊದುತ್ತಿದ್ದವನ ಮೌತ್‌ಪೀಸೂ ಅದೇ ಅಂಗಡಿಯದು. ಅದರೊಳಗೆ ಏನಿದೆಯೆಂದು ಅವನು ನೋಡಿಯೇ ಇರಲಿಲ್ಲ.