ಕೆನ್ನೆಗೆ ತಣ್ಣಗಿದ್ದ ಹೂಜಿ

ವೀಣಾ, ಮಡಕೆ ಸುಡುವ ಗೂಡಿನಲ್ಲಿ ನಿನ್ನ ಹೂಜಿ ಸಿಡಿದದ್ದು ನಿನ್ನ ತಪ್ಪಿನಿಂದಲ್ಲ. ಅದಿನ್ನೂ ಹಸಿ ಎಂದು ಗೊತ್ತಿದ್ದೂ ಒಳಗಿಟ್ಟವಳು ನಾನು. ಇಷ್ಟು ಹೇಳಲು ಏಳು ವರ್ಷ ಬೇಕಾಯಿತು.

ಜಪಾನಿನ ಆ ಹಳೆಯ ಕುಂಬಾರರ ಊರು ನೆನಪಿದೆಯಾ? ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ, ಕುಂಬಾರಿಕೆಯ ಸಂಜೆ ತರಗತಿಗೆ ಒಂದೇ ದಿನ ಸೇರಿ ಮಣ್ಣು ಹಿಡಿದವರು ನಾವು. ರಜೆ ಹೊಂದಿಸಿಕೊಂಡು ಒಟ್ಟಿಗೇ ಹೋಗಿದ್ದೆವು. ಮಣ್ಣಿನ ಕೊಳವೆಗಳನ್ನೇ ಪೇರಿಸಿ ಕಟ್ಟಿದ ಗೋಡೆಗಳ ನಡುವೆ ಏರುವ ಓಣಿ, ಮಸಿ ಹಿಡಿದ ಇಟ್ಟಿಗೆ ಚಿಮಣಿಗಳು, ಕಿಟಕಿಗೊಂದು ಬೆಕ್ಕಿನ ಬೊಂಬೆ. ನೀನು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ — "ಅಯ್ಯೋ, ಇಲ್ ನೋಡೇ ಸುಮಾ!" ನನಗೋ ಕಾಲುನೋವು, ಹಸಿವು. ಆದರೂ ಖುಷಿಯಾಗಿಯೇ ಇದ್ದೆ.

ಆ ಅಜ್ಜಿಯ ಅಂಗಡಿ ಸಿಗುವ ತನಕ. ನಾವು ಮಾಡಿ ಜೊತೆಗೆ ಒಯ್ದಿದ್ದ ಬಟ್ಟಲುಗಳನ್ನು ಅವಳ ಮುಂದಿಟ್ಟೆವು. ನನ್ನದಕ್ಕೆ ನಕ್ಕು ತಲೆಯಾಡಿಸಿದಳು, ಅಷ್ಟೇ. ನಿನ್ನದನ್ನು ಬೋರಲು ಹಾಕಿ, ತಳ ಸವರಿ, ಮತ್ತೆ ಎತ್ತಿ... ಎಷ್ಟು ಹೊತ್ತು! ಒಣಗಲಿಟ್ಟ ಹಸಿ ಮಡಕೆಯೊಂದನ್ನು ನಿನ್ನ ಕೆನ್ನೆಗೆ ಒತ್ತಿ, ಮೊಬೈಲಿನಲ್ಲಿ ಅನುವಾದಿಸಿ ಹೇಳಿದಳು — ತಣ್ಣಗಿದ್ದರೆ ಒಳಗೆ ನೀರಿದೆ, ಸುಡಬೇಡ. ವಸಂತದ ಪ್ರದರ್ಶನಕ್ಕೆ ಒಂದು ಹೂಜಿ ಕಳಿಸು ಎಂದು ವಿಳಾಸ ಬರೆದುಕೊಟ್ಟಳು. ನಿನಗೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಹೊಟ್ಟೆ ಉರಿಯಿತು, ವೀಣಾ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ವಾಪಸು ಬಂದ ಮೇಲೆ ತರಗತಿಯ ನಡುವೆ ಫಿಕಾ ಬಿಡುವಿಗೆ ಕಾಫಿ ಹಿಡಿದು ಕೂತಾಗಲೆಲ್ಲ ನೀನು ಆ ಚೀಟಿ ತೋರಿಸುತ್ತಿದ್ದೆ, ಎಲ್ಲರೂ ಹೊಗಳುತ್ತಿದ್ದರು, ನಾನೂ ಬನ್ನು ಅಗಿಯುತ್ತಾ ನಗುತ್ತಿದ್ದೆ.

ಅಜ್ಜಿಗೆ ಕಳಿಸುವ ಹೂಜಿಯನ್ನು ನೀನು ಮಾಡಿ ಒಣಗಲಿಟ್ಟ ವಾರ ಗೂಡು ತುಂಬುವ ಸರದಿ ನನ್ನದು. ಮಧ್ಯಾಹ್ನ ನೀನೂ ಕೈಜೋಡಿಸಿದ್ದಾಗ, ನಿನ್ನ ಮಗಳಿಗೆ ಜ್ವರವೆಂದು ಅವಳ ಶಿಶುವಿಹಾರ ಡಾಗಿಸ್‌ನಿಂದ ಕರೆ ಬಂತು, ನೀನು ಅರ್ಧಕ್ಕೇ ಹೊರಟೆ. "ಒಣಗಿದ್ರೆ ಮಾತ್ರ ಇಡೇ, ನಿನ್ ಮೇಲೇ ಬಿಟ್ಟಿದೀನಿ."

ಹೂಜಿಯನ್ನು ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು. ಇನ್ನೊಮ್ಮೆ ಒತ್ತಿಕೊಂಡೆ — ತಣ್ಣಗೇ. ಒಳಗಿಟ್ಟು ಬಾಗಿಲು ಹಾಕಿದೆ.

ನೀನು ಅಳುತ್ತಾ ಚೂರು ಆರಿಸುವಾಗ ನಾನೇ ಹೇಳಿದ್ದು, "ಹೂಜಿ ಗೋಡೆ ದಪ್ಪ ಆಗಿತ್ತು ಕಣೇ. ನಿನ್ ಕೈ ಇನ್ನೂ ಪಳಗ್ಬೇಕು." ನೀನು ನಂಬಿದೆ. ಅಜ್ಜಿಗೆ ಏನನ್ನೂ ಕಳಿಸಲಿಲ್ಲ. ಮಣ್ಣನ್ನು ಮತ್ತೆ ಮುಟ್ಟಲಿಲ್ಲ.

ನಾನು ಮಾತ್ರ ಈಗಲೂ ತರಗತಿಗೆ ಹೋಗುತ್ತೇನೆ. ಹೊಸಬರಿಗೆ ಕೆನ್ನೆಗೆ ಒತ್ತಿ ನೋಡಲು ಕಲಿಸುತ್ತೇನೆ, ನನ್ನದೇ ವಿದ್ಯೆ ಎಂಬಂತೆ — ಥೂ! ಕ್ಷಮಿಸು ಎನ್ನಲು ಬಾಯಿಲ್ಲ. ಈ ಕಾಗದ ನಿನ್ನ ಕೈಗೇ ಕೊಟ್ಟು, ನೀನು ಓದುವ ತನಕ ಎದುರಿಗೇ ನಿಲ್ಲುತ್ತೇನೆ.

ನಿನ್ನ ಕೈ ಆಗಲೇ ಪಳಗಿತ್ತು, ವೀಣಾ. ಅದು ನನಗೆ ಅವತ್ತೇ ಗೊತ್ತಿತ್ತು.