ಹೊಸ ನಳಿಕೆ

ಚೀನಾ ಯುದ್ಧ ಮುಗಿಸಿ ಬಂದ ಸುಬೇದಾರರು ಅಂತರಸಂತೆಯಲ್ಲಿ ನಮ್ಮ ನೆರೆಯವರು. ಊರಿನ ರಾಗಿಯನ್ನು ಹಂದಿಗಳಿಂದ ಕಾಯುವ ಹೊಣೆ ಅವರದು. ತಮ್ಮ ರೈಫಲಿನ ಗುರಿ ತಪ್ಪಿದಾಗಲೆಲ್ಲ ಮೀಸೆ ತೀಡಿಕೊಂಡು, “ನಳಿಕೆದೇ ತಪ್ಪು ಕಣಯ್ಯ” ಅನ್ನುತ್ತಿದ್ದರು.

ಕೊನೆಗೆ ಹುಣಸೂರಿನ ಕೋವಿ ರಿಪೇರಿಯವನು ಹೊಸ ನಳಿಕೆ ಹಾಕಿದ. ಊರವರೆದುರು ಪರೀಕ್ಷೆ. ಮರಳು ಮೂಟೆಯ ಮೇಲೆ ರೈಫಲ್ ಇಟ್ಟು ಅವನು ಹೊಡೆದ ಗುಂಡುಗಳೆಲ್ಲ ಹಲಗೆಯಲ್ಲಿ ಒಂದೇ ಕಡೆ ಬಿದ್ದವು. ಸುಬೇದಾರರು ನಿಂತು ಹೊಡೆದದ್ದು ಹಲಗೆಗೂ ತಾಗಲಿಲ್ಲ. ಆಗ ಅವನು ಅವರಿಗೆ ತಿಳಿಸದೆ ಮದ್ದಿಲ್ಲದ ತೋಟಾ ತುಂಬಿ ಕೊಟ್ಟ. ಅವರು ಟ್ರಿಗರ್ ಎಳೆದರು. ಗುಂಡು ಹಾರಲಿಲ್ಲ; ಆದರೂ ಕಣ್ಣು ಬಿಗಿಯಾಗಿ ಮುಚ್ಚಿತ್ತು, ನಳಿಕೆ ನೆಲಕ್ಕೆ ಬಾಗಿತ್ತು.

“ಸದ್ದು ಬರೋಕ್ ಮುಂಚೇನೇ ಎದ್ರುಕೊಂಡ್ರು ಕಣ್ಲಾ!” ಯಾರೋ ಕೂಗಿದರು. ನಕ್ಕವರಲ್ಲಿ ನಾನೂ ಇದ್ದೆನೆ? ನನ್ನ ನೆನಪನ್ನು ನಂಬಲಾರೆ. ಯುದ್ಧದಲ್ಲಿ ಏನಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ.

ಅವರು ರೈಫಲನ್ನು ರಿಪೇರಿಯವನ ಕೈಗಿಟ್ಟು ಮೀಸೆ ತೀಡಿಕೊಂಡರು.

“ಇದೂ ಸರಿಯಿಲ್ಲ ಕಣಯ್ಯ. ಬೇರೆ ನಳಿಕೆ ಹಾಕ್ಬುಡು.”